ಹೋಗಿ ಬರ್ತೇನೆ

ಗುಲಾಬಿ,

ನೀನು ತೀರಿಕೊಂಡ ಮೇಲೂ, ಬ್ಯಾಂಕುಗಳು ಬಿದ್ದ ಈ ಚಳಿಗಾಲದಲ್ಲೂ, ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಹೋಟೆಲು ನಡೆಯುತ್ತಿದೆ. ಜೈಲಿನಿಂದ ಬಂದ ಇಬ್ಬರಿಗೆ ನೀನು ಕೆಲಸ ಕೊಟ್ಟಿದ್ದೆಯಲ್ಲ, ಬಿಳಿಯ ಕೆವಿನ್, ಕಪ್ಪುವರ್ಣದ ಡ್ವೇನ್. ನಿನ್ನೆ ಹಿಮದಲ್ಲಿ ಬಸ್ಸು ನಿಂತು, ಬಿಡುಗಡೆಯ ಷರತ್ತಿನಂತೆ ಹಾಜರಿ ಹಾಕಬೇಕಾದ ಪರೋಲ್ ಆಫೀಸಿಗೆ ಇಬ್ಬರೂ ತಡವಾಗಿ ಹೋದರು. ಕೆವಿನ್‌ಗೆ ಬುದ್ಧಿ ಹೇಳಿ ಬಿಟ್ಟರು. ಡ್ವೇನ್‌ನನ್ನು ಹಿಡಿದೊಯ್ಯಲು ಇವತ್ತು ಮಧ್ಯಾಹ್ನ ಬಂದರು.

"ಸೇಮ್ ಬಸ್, ಆಫೀಸರ್," ಎಂದು ಕೆವಿನ್ ಹೇಳುತ್ತಲೇ ಇದ್ದ.

ಇನ್ನು ಸರಕಾರದ ಲೆಕ್ಕದಲ್ಲಿ ಕೆವಿನ್ ಸುಧಾರಿಸಿದವನು, ಡ್ವೇನ್ ಜೈಲಿಗೆ ಮರಳಿದವನು.

"ಹೋಗ್ತೇನೆ ಅನ್ನಬಾರದು ಮಾರಾಯ, ಹೋಗಿ ಬರ್ತೇನೆ ಅನ್ನಬೇಕು," ಎಂದು ಸಂಜೆಸಂಜೆ ಡ್ವೇನ್‌ಗೆ ಕಲಿಸಿದವಳು ನೀನು. ಕೈಗೆ ಬೇಡಿ ಬಿದ್ದ ಮೇಲೆ ಅವನು ಬಾಗಿಲಲ್ಲಿ ತಿರುಗಿ ನಿನ್ನ ಫೋಟೊ ನೋಡಿದ. "ಹೋಗಿ ಬರ್ತೇನೆ, ಆಂಟಿ," ಎಂದ.

ಆ ಹೊತ್ತಿನಲ್ಲಿ ಅಷ್ಟು ದೊಡ್ಡ ಮಾತು ಕೇಳಿ ನಾನು ಬೆರಗಾಗಿ ನಿಂತೇ ಬಿಟ್ಟೆ. ನೀನಾಗಿದ್ದರೆ "ಹೋಗಿ ಬಾ" ಎನ್ನುತ್ತಿದ್ದೆ.

ಮೋನಪ್ಪ