ನಿರಾಕ್ಷೇಪಣಾ ಪತ್ರ

ಅಲ್ ಮುರಕ್ಕಬಾತ್, ದುಬೈ
30 ನವೆಂಬರ್ 2025, ಭಾನುವಾರ

ಪ್ರೀತಿಯ ಮಗಳು ಮಿನ್ಹಾಳಿಗೆ,

ಅಸ್ಸಲಾಮು ಅಲೈಕುಂ. ಹೇಗಿದ್ದೀಯಾ ಮಗಳೇ? ಬಲಗಾಲಿನ ಗಂಟಿನ ಊತ ಇಳಿಯಿತೇ? ಪಟ್ಟಿ ಸುತ್ತಿಕೊಂಡೇ ಆಡುತ್ತಿದ್ದೀಯೋ, ಡಾಕ್ಟರಿಗೆ ತೋರಿಸಿದೆಯೋ? ಅಮೆರಿಕದಲ್ಲಿ ನಿಮ್ಮ ಕಡೆ ಹಿಮ ಬೀಳಲು ಶುರುವಾಗಿದೆ ಎಂದು ಸಫೀರ್ ಮೊಬೈಲಿನಲ್ಲಿ ನೋಡಿ ಹೇಳಿದ. ಉಮ್ಮ ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ? ಆ ಹಳದಿ ಬಣ್ಣ ನಿನಗೆ ಹಿಡಿಸಿರಲಿಕ್ಕಿಲ್ಲ ಎಂದು ಗೊತ್ತು. ದೇರಾ ಪೇಟೆ ಇಡೀ ಸುತ್ತಿದರೂ ಸಿಕ್ಕಿದ್ದು ಅದೊಂದೇ ಜೊತೆ. ಈ ಊರಿನಲ್ಲಿ ಉಣ್ಣೆಯ ಕಾಲುಚೀಲ ಕೇಳಿದ ನಮ್ಮನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡಿದ. ಇಲ್ಲಿ ನಾವೆಲ್ಲ ಹುಷಾರಾಗಿದ್ದೇವೆ. ಉಮ್ಮನ ಶುಗರ್ ಹದದಲ್ಲಿದೆ. ಹಾಗೆಂದು ಅವಳು ಹೇಳುತ್ತಾಳೆ, ಡಬ್ಬಿಯಲ್ಲಿ ಕಡಿಮೆಯಾಗುವ ಖರ್ಜೂರ ಬೇರೆ ಹೇಳುತ್ತದೆ. ನಿನ್ನ ತಮ್ಮ ಸಫೀರ್ ಈಗ ನಿನಗಿಂತ ಎತ್ತರವಾಗಿದ್ದಾನೆ. ನಾವು ಬ್ಯಾರಿಯಲ್ಲಿ ಕೇಳಿದ್ದಕ್ಕೆಲ್ಲ ಅವನ ಉತ್ತರ ಇಂಗ್ಲಿಷಿನಲ್ಲೇ.

ಇಷ್ಟು ವರ್ಷ ಇಲ್ಲದ್ದು, ಉಪ್ಪ ಈಗೇಕೆ ಪೆನ್ನು ಹಿಡಿದು ಕಾಗದ ಬರೆಯುತ್ತಿದ್ದಾರೆ ಎಂದು ನೀನು ಹುಬ್ಬೇರಿಸಬಹುದು. ಫೋನಿನಲ್ಲಿ ನಾನು ಮಿನ್ಹಾ ಎಂದ ಕೂಡಲೇ ನೀನು “ಉಮ್ಮನಿಗೆ ಕೊಡಿ ಉಪ್ಪ” ಎನ್ನುತ್ತೀಯ. ನಾನೂ ಕೊಟ್ಟುಬಿಡುತ್ತೇನೆ. ಎಂಟು ತಿಂಗಳಿಂದ ಇದೇ ನಡೆದಿದೆ. ವಾಟ್ಸಾಪಿನಲ್ಲಿ ಬರೆಯಹೋದರೆ ಎರಡು ಸಾಲಿಗೆ ಕೈ ನಿಲ್ಲುತ್ತದೆ. ಕಂಪ್ಯೂಟರ್ ಮುಂದೆ ಕುಳಿತರಂತೂ ಮುಗಿಯಿತು. ಇಪ್ಪತ್ತಾರು ವರ್ಷ ಟೈಪಿಂಗ್ ಸೆಂಟರಿನಲ್ಲಿ ಊರವರ ವೀಸಾ ಅರ್ಜಿ, ಬಾಡಿಗೆ ಕರಾರು, ರಜೆಯ ಕೋರಿಕೆಗಳನ್ನು ಬಡಿದ ಬೆರಳುಗಳು ತಾವಾಗಿಯೇ ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಹೊರಡುತ್ತವೆ. ಮಗಳಿಗೆ ಹಾಗೆ ಬರೆಯಲಾಗುವುದಿಲ್ಲ. ಬ್ಯಾರಿ ಮಾತಾಡಿ ಗೊತ್ತೇ ಹೊರತು ಬರೆದು ಗೊತ್ತಿಲ್ಲ. ಉಪ್ಪಿನಂಗಡಿಯ ಸರಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದವಳು ನೀನು, ಕನ್ನಡ ಮರೆತಿರಲಿಕ್ಕಿಲ್ಲ ಎಂಬ ಧೈರ್ಯದಿಂದ ಹೊರಟಿದ್ದೇನೆ. ನನ್ನ ಅಕ್ಷರ ಕೆಟ್ಟಿದೆ, ತಾಳ್ಮೆಯಿಂದ ಓದು.

ನಿಮ್ಮ ಕಾಲೇಜು ಕಾನ್ಫರೆನ್ಸ್ ಬದಲಿಸುತ್ತದೆ ಎಂದು ನೀನು ಮೊದಲ ಸಲ ಹೇಳಿದ ದಿನ ನೆನಪಿದೆಯೇ? ಯಾವುದೋ ಮೀಟಿಂಗಿನ ಹಾಲ್ ಬದಲಾಗುತ್ತದೆ ಎಂದುಕೊಂಡು ಉಮ್ಮ “ಒಳ್ಳೇದಾಯ್ತು, ಏಸಿ ಸರಿ ಇರುವಲ್ಲಿ ಮಾಡ್ಲಿ” ಎಂದಿದ್ದಳು. ನೀನು ನಕ್ಕು ನಕ್ಕು, ಅದು ಮೀಟಿಂಗ್ ಅಲ್ಲ, ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಒಂದು ಕೂಟ ಎಂದು ವಿವರಿಸಿದ್ದೆ. ಹಳೆಯ ಕೂಟದಲ್ಲಿ ಎಲ್ಲರೂ ನೆರೆಕರೆಯವರು. ಬಸ್ಸು ಹತ್ತಿ ಹೋಗಿ, ಆಡಿ, ಬಸ್ಸಿನಲ್ಲೇ ಹಿಂದಿರುಗುತ್ತಿದ್ದಿರಿ. ಹೊಸದು ಆ ದೇಶದ ಆಚೆ ತುದಿಯದು. ಎಲ್ಲ ಅವರ ಫುಟ್‌ಬಾಲಿನಿಂದ. ಚೆಂಡನ್ನು ಎದೆಗೆ ಅವಚಿಕೊಂಡು ಓಡಿದರೂ ಫುಟ್‌ಬಾಲ್ ಎನ್ನಿಸಿಕೊಳ್ಳುವ ಆ ಆಟಕ್ಕೆ ಟಿವಿಯವರು ದೊಡ್ಡ ದುಡ್ಡು ಸುರಿಯುತ್ತಾರೆ. ಅದಕ್ಕಾಗಿ ದೊಡ್ಡ ಕೂಟಗಳು ಇನ್ನಷ್ಟು ಕಾಲೇಜುಗಳನ್ನು ಸೇರಿಸಿಕೊಳ್ಳುತ್ತವೆ, ಕಾಲೇಜುಗಳು ಹಳೆಯ ನೆರೆಕರೆ ಬಿಟ್ಟು ಅತ್ತ ಓಡುತ್ತವೆ. ಹೆಸರಿನಲ್ಲಿ ಹತ್ತು ಎಂದಿರುವ ಕೂಟದಲ್ಲಿ ಹದಿನೆಂಟು ಕಾಲೇಜುಗಳಿವೆ, ಅಟ್ಲಾಂಟಿಕ್ ಕರಾವಳಿ ಎಂಬ ಹೆಸರಿನದರಲ್ಲಿ ಪೆಸಿಫಿಕ್ ದಡದವರೂ ಇದ್ದಾರೆ ಎಂದು ನೀನು ಹೇಳಿದ್ದನ್ನು ನಾನು ಸೆಂಟರಿನಲ್ಲಿ ಪಕ್ಕದ ಮೇಜಿನ ಬದ್ರುದ್ದೀನನಿಗೆ ಹೇಳಿದೆ. “ಹಾಗಾದ್ರೆ ನಾಳೆಯಿಂದ ಉಪ್ಪಿನಂಗಡಿಯನ್ನು ಶಾರ್ಜಾ ಅಂತ ಟೈಪ್ ಮಾಡ್ಬಹುದಾ ಮಾರಾಯ್ರೆ?” ಎಂದ ಅವನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ನಮಗೆ ಅದು ನಗುವ ವಿಷಯವಾಗಿತ್ತು.

ನಿಮಗೆ ಆಗಿರಲಿಲ್ಲ. ಫುಟ್‌ಬಾಲಿನವರು ವಾರಕ್ಕೊಂದು ಆಟಕ್ಕೆ ತಮ್ಮದೇ ವಿಮಾನದಲ್ಲಿ ಹೋಗಿ ಬರುತ್ತಾರೆ. ವಾಲಿಬಾಲಿನ ಹುಡುಗಿಯರಾದ ನಿಮಗೆ ವಾರಕ್ಕೆರಡು ಆಟ, ದಾರಿಯಲ್ಲಿ ಎರಡೆರಡು ವಿಮಾನ ಬದಲಿಸಬೇಕು, ನಡುವೆ ಪರೀಕ್ಷೆ. ಫುಟ್‌ಬಾಲ್ ಎಲ್ಲಿಗೆ ಬೇಕಾದರೂ ಹೋಗಲಿ, ವಾಲಿಬಾಲನ್ನು ಹಳೆಯ ನೆರೆಯವರೊಂದಿಗೇ ಆಡಲು ಬಿಡಿ ಎಂದು ಹದಿನಾಲ್ಕು ಹುಡುಗಿಯರ ಪರವಾಗಿ ಮನವಿ ಬರೆದವಳು ನೀನು. ಅದನ್ನು ತಿದ್ದಿದವಳು ನಿನ್ನ ರೂಮಿನ ಗೆಳತಿ ಮೆಲಿಸ್ಸಾ. ಪ್ರತಿಯೊಬ್ಬಳ ಮನೆಯಿಂದಲೂ ಒಂದೊಂದು ಆಕ್ಷೇಪಣೆಯ ಕಾಗದ ಕಾಲೇಜಿನ ಕ್ರೀಡಾ ಕಚೇರಿಗೆ ಹೋಗಬೇಕೆಂದು ಇಬ್ಬರೂ ನಿಶ್ಚಯಿಸಿದಿರಿ. “ಉಪ್ಪ, ನಿಮಗೆ ಇದು ಎರಡು ನಿಮಿಷದ ಕೆಲಸ ಅಲ್ವಾ?” ಎಂದು ನೀನು ಹೆಮ್ಮೆಯಿಂದಲೇ ಹೇಳಿದ್ದೆ. ರಂಝಾನಿನ ಮೊದಲ ವಾರ. ಸೆಂಟರಿನಲ್ಲಿ ಅರ್ಧ ದಿನದ ಕೆಲಸ, ಇಡೀ ದಿನದ ಜನ. ನಾನು ಕಳಿಸಿದೆ. ಹದಿಮೂರು ಮನೆಗಳ ಕಾಗದಗಳಲ್ಲಿ ಆಕ್ಷೇಪವಿತ್ತು. ಹದಿನಾಲ್ಕನೆಯದರಲ್ಲಿ, ಅಂದರೆ ನನ್ನದರಲ್ಲಿ, ‘ಮಾನ್ಯ ಆಡಳಿತದ ಯಾವುದೇ ನಿರ್ಧಾರಕ್ಕೆ ನಮ್ಮ ಆಕ್ಷೇಪಣೆ ಇರುವುದಿಲ್ಲ’ ಎಂದಿತ್ತು. ಕೆಳಗೆ ನನ್ನ ಹೆಸರು, ಸಹಿ, ಮೊಬೈಲ್ ನಂಬರ್.

ಸಭೆಯಲ್ಲಿ ಕಚೇರಿಯ ಹಿರಿಯ ಅಧಿಕಾರಿ ಅದೊಂದನ್ನೇ ಎತ್ತಿ ಓದಿದರಂತೆ. ಎಲ್ಲರಿಗಿಂತ ದೂರದಲ್ಲಿರುವ ಕುಟುಂಬಕ್ಕೆ, ಅದರಲ್ಲೂ ಮನವಿ ಬರೆದವಳ ಮನೆಯವರಿಗೇ ತೊಂದರೆ ಇಲ್ಲವೆಂದರೆ ಉಳಿದವರದ್ದೇನು ಎಂದರಂತೆ. ಹದಿಮೂರು ಹುಡುಗಿಯರು ತಿರುಗಿ ನಿನ್ನನ್ನು ನೋಡಿದರಂತೆ. ಇದೆಲ್ಲ ನೀನು ಉಮ್ಮನಿಗೆ ಹೇಳಿದ್ದು. ನನಗೆ ನೀನು ಕೇಳಿದ್ದು ಒಂದೇ ಮಾತು: “ಉಪ್ಪ, ಎಂತ ಮಾಡಿದ್ರಿ?” ಹಳೆಯ ಎನ್‌ಒಸಿಯ ಫೈಲ್ ತೆರೆದು, ಮೇಲೆ ನಿನ್ನ ಹೆಸರು, ಕಾಲೇಜಿನ ಹೆಸರು ಹಾಕಿ, ಕೆಳಗಿನ ಒಕ್ಕಣೆ ಬದಲಿಸಲು ಮರೆತು ಕಳಿಸಿಬಿಟ್ಟೆ ಎಂದು ನಾನು ಹೇಳಿದೆ. ನಂಬುವ ಹಾಗೇ ಇತ್ತು. ಇಲ್ಲಿ ಕೆಲಸ ಬದಲಿಸಲು, ಲೈಸೆನ್ಸ್ ಮಾಡಿಸಲು, ಬಾಡಿಗೆ ಮನೆಯ ಒಂದು ಗೋಡೆ ಒಡೆಯಲು ಕೂಡ ಯಾರಾದರೊಬ್ಬರು ‘ನಮ್ಮ ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಡಬೇಕು. ಅಂಥ ಎನ್‌ಒಸಿಗಳನ್ನು ಟೈಪ್ ಮಾಡಿಯೇ ನಿಮ್ಮನ್ನು ಸಾಕಿದವನು ನಾನು. ನೀನು ನಂಬಿದೆಯೋ ಇಲ್ಲವೋ ಗೊತ್ತಿಲ್ಲ, ಅದನ್ನೇ ಹೋಗಿ ಗೆಳತಿಯರಿಗೆ ಹೇಳಿದೆ. ಅವರು ನಂಬಲಿಲ್ಲ. ಎದುರಿಗೆ ಮನವಿ ಬರೆದು, ಹಿಂದಿನಿಂದ ಅಪ್ಪನ ಕೈಯಲ್ಲಿ ಬೇರೆ ಬರೆಸಿ, ಕಚೇರಿಯವರಿಗೆ ಒಳ್ಳೆಯವಳಾಗಲು ನೋಡಿದಳು ಎಂಬ ಅಪವಾದ ನಿನ್ನ ಮೇಲೆ ಬಂತು. ಅದು ಇವತ್ತಿಗೂ ಹೋಗಿಲ್ಲ.

ಆಗಸ್ಟಿನಲ್ಲಿ ಹೊಸ ಕಾನ್ಫರೆನ್ಸಿನ ಆಟ ಶುರುವಾದ ಮೇಲೆ ನೀನು ಎಷ್ಟು ವಿಮಾನ ಹತ್ತಿಳಿದೆಯೋ ಲೆಕ್ಕ ತಪ್ಪಿದೆ. ಒಂದೇ ದೇಶದೊಳಗೆ ಗಡಿಯಾರ ಮೂರು ಗಂಟೆ ಹಿಂದೆ ಮುಂದೆ. ಉಮ್ಮ “ಊಟ ಆಯ್ತಾ?” ಎಂದರೆ ನೀನು “ಯಾವ ಊಟ ಉಮ್ಮ?” ಎನ್ನುತ್ತೀಯಂತೆ. ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಸಫೀರ್ ನಿನ್ನ ಆಟದ ರೆಕಾರ್ಡಿಂಗ್ ಅನ್ನು ಟಿವಿಗೆ ಹಾಕಿದ. ಉಮ್ಮ ಚಹಾ ಹಿಡಿದುಕೊಂಡು ನೆಲದಲ್ಲೇ ಕುಳಿತಳು. ಉಳಿದವರಿಗೆಲ್ಲ ನೀಲಿ ಅಂಗಿ, ನಿನಗೊಬ್ಬಳಿಗೆ ಬಿಳಿ. ಹೊಡೆಯುವುದಲ್ಲ, ಚೆಂಡು ನೆಲಕ್ಕೆ ಬೀಳದಂತೆ ಎತ್ತಿಕೊಡುವುದು ಲಿಬೆರೊ ಆದವಳ ಕೆಲಸ, ಅದಕ್ಕೇ ಬೇರೆ ಬಣ್ಣ ಎಂದು ಅವಳಿಗೆ ಹೇಳಿಕೊಟ್ಟೆ. ಮೂರನೇ ಸೆಟ್ಟಿನಲ್ಲಿ ನೀನು ಮೂಲೆಗೆ ಹಾರಿ, ಕವುಚಿ ಬಿದ್ದು, ಒಂದೇ ಕೈಯಲ್ಲಿ ಚೆಂಡೆತ್ತಿದೆ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ. ಮೆಲಿಸ್ಸಾ ಅದನ್ನು ಬಲವಾಗಿ ಹೊಡೆದು ಪಾಯಿಂಟ್ ಮಾಡಿದಳು. ಐದು ಹುಡುಗಿಯರು ಗುಂಪುಗೂಡಿ ಒಬ್ಬರ ಕೈಗೊಬ್ಬರು ಕೈ ಹೊಡೆದುಕೊಂಡರು. ನೀನು ನೀನಾಗಿಯೇ ಎದ್ದೆ, ಮೊಣಕೈ ಒರೆಸಿಕೊಂಡು ನಿನ್ನ ಜಾಗಕ್ಕೆ ಹೋಗಿ ನಿಂತೆ. ಯಾರೂ ನಿನ್ನ ಕಡೆ ಕೈ ಚಾಚಲಿಲ್ಲ. ಆ ಒಂದು ಸಲ ಮಾತ್ರ ಎಂದುಕೊಂಡೆ. ಆಟ ಮುಗಿಯುವವರೆಗೂ ಹಾಗೆಯೇ. “ಶೀ ಈಸ್ ಪ್ಲೇಯಿಂಗ್ ಅಲೋನ್, ಉಪ್ಪ” ಎಂದ ಸಫೀರ್. ಉಮ್ಮ ಟಿವಿ ಆಫ್ ಮಾಡಿಸಿದಳು. ಆವತ್ತೇ ಅವಳು ಫೋನಿನಲ್ಲಿ ನಿನ್ನನ್ನು ಬಿಡದೆ ಕೇಳಿ, ಮೆಲಿಸ್ಸಾ ರೂಮ್ ಬಿಟ್ಟು ಹೋದದ್ದನ್ನು, ಏರ್‌ಪೋರ್ಟುಗಳಲ್ಲಿ ನೀನೊಬ್ಬಳೇ ಬೇರೆ ಕಡೆ ಕುಳಿತು ಊಟ ಮಾಡುವುದನ್ನು ತಿಳಿದುಕೊಂಡಳು. ನನಗೆ ಬಂದು ಹೇಳುವಾಗ ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆವತ್ತಿನಿಂದ ನನಗೆ ಅನ್ನ ಸರಿಯಾಗಿ ಇಳಿಯುತ್ತಿಲ್ಲ ಮಗಳೇ. ಸೆಂಟರಿಗೆ ಬರುವವರು “ಮಗಳು ಅಮೆರಿಕದಲ್ಲಿ ಆಡ್ತಾಳಂತೆ, ಭಾರೀ ಹೆಸರು ಉಂಟಂತೆ ಅಲ್ವಾ?” ಎಂದು ಕೇಳಿದರೆ ಹೌದು ಎಂದು ಹೇಳಿ ಕನ್ನಡಕ ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ. ನೀನು ಚಿಕ್ಕವಳಿದ್ದಾಗ ವರ್ಷಕ್ಕೊಂದು ತಿಂಗಳ ರಜೆಯಲ್ಲಿ ಬಂದವನು ನಾನು, ಕೊಯ್ಲಾದ ಗದ್ದೆಯಲ್ಲಿ ಹಗ್ಗ ಕಟ್ಟಿ ನಿನಗೆ ವಾಲಿಬಾಲ್ ಕಲಿಸಿದೆ. ಮೊದಲ ಹಲ್ಲು ಬಿದ್ದಾಗ, ಜ್ವರ ಬಂದಾಗ, ಶಾಲೆಯಲ್ಲಿ ಬಹುಮಾನ ಬಂದಾಗ ನಾನಿರಲಿಲ್ಲ. ಕೈಯಾರೆ ಕೊಟ್ಟದ್ದು ಅದೊಂದು ಆಟ. ಅದರಲ್ಲೂ ನಿನ್ನನ್ನು ಒಂಟಿ ಮಾಡಿದವನು ನಾನೇ ಎಂದು ನೆನೆದಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ನನ್ನದು ತಪ್ಪು. ಈ ಮಾತನ್ನು ಮಾರ್ಚ್ ತಿಂಗಳಲ್ಲೇ ಹೇಳಬೇಕಿತ್ತು. ಡಿಸೆಂಬರ್ ರಜೆಗೆ ಬರುವುದಿಲ್ಲ ಎಂದು ಉಮ್ಮನಿಗೆ ಹೇಳಿದ್ದೀಯಂತೆ. ನನ್ನ ಮುಖ ನೋಡಬೇಕಾಗುತ್ತದೆ ಎಂಬುದೇ ಕಾರಣವಾದರೆ ನಾನು ಆ ದಿನಗಳಲ್ಲಿ ಅಬುಧಾಬಿಗೆ ಹೋಗಿರುತ್ತೇನೆ. ಖಲೀಫಾ ಸಿಟಿಯಲ್ಲಿ ಬದ್ರುದ್ದೀನನ ತಮ್ಮನ ಮನೆಯಿದೆ. ತಮಾಷೆಗೆ ಹೇಳುತ್ತಿಲ್ಲ, ಅವರನ್ನು ಕೇಳಿಯೂ ಆಗಿದೆ. ನೀನು ಉಮ್ಮನಿಗಾಗಿ ಬಾ.

ಅಲ್ಲಾಹು ನಿನ್ನ ಕಾಲಿಗೆ ಬಲ ಕೊಡಲಿ, ಓದಿನಲ್ಲಿ ಬರಕತ್ ಕೊಡಲಿ, ಹೋದಲ್ಲೆಲ್ಲ ನಿನ್ನನ್ನು ಕಾಯಲಿ. ಉಮ್ಮ ಸಲಾಂ ಹೇಳಿದ್ದಾಳೆ, ಬದ್ರುದ್ದೀನನೂ ಹೇಳಿದ್ದಾನೆ. ಸಫೀರ್ ಇಂಗ್ಲಿಷಿನಲ್ಲಿ ಏನೋ ಗೊಣಗಿದ, ಅದೂ ಸಲಾಮೇ ಇರಬೇಕು.

ನಿನ್ನ ಉಪ್ಪ,
ಮುಹಿಯುದ್ದೀನ್

ವಿ.ಸೂ.: ಲಕೋಟೆಗೆ ಹಾಕಿದ್ದನ್ನು ಹೊರಗೆ ತೆಗೆದು ಇಷ್ಟನ್ನು ಸೇರಿಸುತ್ತಿದ್ದೇನೆ. ನಾಳೆ, ನಾಡಿದ್ದು ಇಲ್ಲಿ ರಾಷ್ಟ್ರೀಯ ದಿನದ ರಜೆ, ಕೊರಿಯರ್ ಆಫೀಸು ಮುಚ್ಚಲು ಅರ್ಧ ಗಂಟೆಯಿದೆ. ಮಿನ್ಹಾ, ನಾನು ಒಕ್ಕಣೆ ಬದಲಿಸಲು ಮರೆತಿರಲಿಲ್ಲ. ನೀನು ಕೇಳಿದ ಆಕ್ಷೇಪಣೆಯನ್ನೇ ಮೊದಲು ಟೈಪ್ ಮಾಡಿದ್ದೆ, ಬದ್ರುದ್ದೀನ್ ಓದಿ ಚೆನ್ನಾಗಿದೆ ಎಂದಿದ್ದ. ಆಮೇಲೆ ಹೆದರಿಕೆ ಹಿಡಿಯಿತು. ಇಲ್ಲಿ ದೂರಿನ ಕಾಗದದಲ್ಲಿ ಮೊದಲ ಹೆಸರು ಯಾರದೋ ಅವನೇ ಮೊದಲು ಕೆಲಸ ಕಳೆದುಕೊಂಡು ಊರಿಗೆ ಮರಳುವುದನ್ನು ಕಂಡವನು ನಾನು. ನಿನ್ನ ವೀಸಾ, ಸ್ಕಾಲರ್‌ಶಿಪ್ ಎರಡೂ ಕಣ್ಣ ಮುಂದೆ ಬಂದವು. ಅದು ಅರ್ಧ ಕಾರಣ. ಇನ್ನರ್ಧ ಬರೆಯಲು ನಾಚಿಕೆಯಾಗುತ್ತದೆ: ದೊಡ್ಡ ಕಾನ್ಫರೆನ್ಸಿಗೆ ಹೋದರೆ ನೀನು ಟಿವಿಯಲ್ಲಿ ಬರುತ್ತೀಯ, ಸೆಂಟರಿಗೆ ಬಂದವರಿಗೆಲ್ಲ ತೋರಿಸಬಹುದು ಎಂಬ ಆಸೆ. ಟೈಪ್ ಮಾಡಿದ್ದನ್ನು ಅಳಿಸಿ, ಎನ್‌ಒಸಿ ಮಾಡಿ, ಮೂರು ಸಲ ಓದಿ ಕಳಿಸಿದೆ. ಮರೆತೆ ಎಂದು ನಿನಗೆ ಹೇಳಿದ ಸುಳ್ಳನ್ನು ಉಪವಾಸದ ಬಾಯಲ್ಲೇ ಹೇಳಿದೆ. ನನ್ನ ಸುಳ್ಳನ್ನು ನಿಜವೆಂದು ಹೇಳಹೋಗಿ ನೀನು ಸುಳ್ಳುಗಾರ್ತಿಯಾದೆ.

ಇದಿಷ್ಟನ್ನೂ ನಿನ್ನ ಟೀಮಿನ ಹದಿಮೂರು ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಬೇರೊಂದು ಲಕೋಟೆಯಲ್ಲಿ ಇದರ ಜೊತೆಗೇ ಇಟ್ಟಿದ್ದೇನೆ. ನಿನಗೆ ಏನೂ ಗೊತ್ತಿರಲಿಲ್ಲ ಎಂಬುದು ಮೊದಲ ಸಾಲಿನಲ್ಲೇ ಇದೆ. ನಿನ್ನೆ ಅದನ್ನು ನೇರವಾಗಿ ಮೆಲಿಸ್ಸಾಳಿಗೆ ಕಳಿಸಿಬಿಡಲು ಹೊರಟಿದ್ದೆ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಇನ್ನೊಂದು ಕಾಗದ ಕಳಿಸುತ್ತಿದ್ದೇನಲ್ಲ ಎಂದು ಹೊಳೆದು ಕೈ ಹಿಂದೆ ತೆಗೆದೆ. ಕೊಡುವುದೋ ಬಿಡುವುದೋ ನೀನು ಹೇಳಿದ ಹಾಗೆ. ಲಕೋಟೆಗೆ ಗೋಂದು ಹಚ್ಚಿಲ್ಲ. ಮೊದಲು ನೀನು ಓದು.