ಬೇಕೆಂದೇ ಫೇಲಾದ ಪೇಪರು

ಕೊಟ್ಟ ಮಾತು ಮುರಿದು ಪಾಸಾದ ಡ್ರೈವರ್ ಸಾಹೇಬರಿಗೆ,

ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ, ಅರ್ಧ ಓದಿ ನಗಬೇಡಿ. ನೀವು ಎಷ್ಟೋ ಸಲ ಫೋನ್ ಮಾಡಿದಿರಿ, ನಾನು ಎತ್ತಲಿಲ್ಲ. ಎತ್ತಿದ್ದರೆ ಏನಾದರೂ ತಮಾಷೆ ಹೇಳುತ್ತಿದ್ದಿರಿ, ನಾನು ನಕ್ಕುಬಿಡುತ್ತಿದ್ದೆ, ಬೈಯುವುದು ಹಾಗೇ ಉಳಿದುಹೋಗುತ್ತಿತ್ತು. ಅದಕ್ಕೇ ಈ ಕಾಗದ. ಇಲ್ಲಿ ನೀವು ನಡುವೆ ಬಾಯಿ ಹಾಕುವಂತಿಲ್ಲ.

ಈ ಒಂದು ವರ್ಷ ನಾನು ನಿಂತಲ್ಲಿ ನಿಂತಿಲ್ಲ, ಕೂತಲ್ಲಿ ಕೂತಿಲ್ಲ. ಮೊನ್ನೆ ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಚುಕ್ಕೆಯಿಟ್ಟು ಗುರುತು ಮಾಡುವಾಗಲೇ ಎಡ ಬಲ ಅದಲುಬದಲು ಮಾಡಿ, ಹಾಗೇ ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ ಗಿರಾಕಿಗೆ ಕೊಟ್ಟೂಬಿಟ್ಟೆ. ಪಾಪ, ಆತ ಮೆಟ್ಟಿಲಿಳಿಯಲು ಹೋದರೆ ಮೆಟ್ಟಿಲೇ ಎದ್ದು ಬಂದಂತಾಯಿತಂತೆ. "ಏನಮ್ಮಾ, ಕಲ್ಲು ಓದಿ ಓದಿ ಗಾಜು ಮರ್ತೋಯ್ತಾ?" ಎಂದರು ಮಾಲೀಕರು. ಇಷ್ಟು ವರ್ಷದಲ್ಲಿ ನನ್ನ ಕೈ ಹೀಗೆ ತಪ್ಪಿದ್ದೇ ಇಲ್ಲ. ಅದಕ್ಕೂ ನಿಮ್ಮನ್ನೇ ಬೈದುಕೊಂಡೆ.

ನೆನಪಿದೆಯಾ, ಮೊದಲ ಭಾನುವಾರದ ತರಗತಿ? ಮನೆಯಲ್ಲಿ ಕೂತು ಓದಿ, ಭಾನುವಾರ ಮಾತ್ರ ಬಂದು ಪಾಠ ಕೇಳುವ ಡಿಗ್ರಿ. ಭೂವಿಜ್ಞಾನ ಯಾಕೆ ತೆಗೆದುಕೊಂಡಿರಿ ಎಂದು ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಒಬ್ಬರಿಗೆ ಬಡ್ತಿ ಬೇಕಿತ್ತು, ಇನ್ನೊಬ್ಬರಿಗೆ ಗಣಿ ಇಲಾಖೆಯ ಕೆಲಸ. ನಾನಂತೂ ಮನೆಯಲ್ಲಿ ಸಂಬಳ ಹೆಚ್ಚುತ್ತೆ ಎಂದು ಸುಳ್ಳು ಹೇಳಿ ಬಂದವಳು. ಮಗ "ಈ ವಯಸ್ಸಲ್ಲಿ ಇದನ್ನ ಓದಿ ಏನ್ ಮಾಡ್ತೀಯಮ್ಮಾ?" ಎಂದಾಗ, ಸುಮ್ಮನೆ ಇಷ್ಟ ಕಣೋ ಎನ್ನಲು ನಾಲಿಗೆ ಏಳಲಿಲ್ಲ. ಹೆಂಗಸು ತನಗಿಷ್ಟ ಅಂತ ಏನಾದರೂ ಮಾಡಿದರೆ ಅದಕ್ಕೊಂದು ಕಾರಣ ಒದಗಿಸಬೇಕು ನೋಡಿ. ಅಷ್ಟರಲ್ಲಿ ನೀವು ಎದ್ದು ನಿಂತಿರಿ. "ಖುಷಿಗೆ ಸಾರ್. ಬಸ್ ಓಡಿಸೋವಾಗ ಬೆಟ್ಟ ಕಡಿದ ಕಡೆ ಬಣ್ಣಬಣ್ಣದ ಗೆರೆ ಕಾಣ್ತಿತ್ತು. ನಿಲ್ಲಿಸಿ ನೋಡೋಣ ಅಂದ್ರೆ ಹಿಂದೆ ಜನ ಇರ್ತಿದ್ರು. ಈಗ ರಿಟೈರಾಗಿದೀನಿ, ನೋಡ್ತೀನಿ." ತರಗತಿಯೆಲ್ಲ ನಕ್ಕಿತು. ನಾನು ಮುಂದಿನ ವಾರ ನಿಮ್ಮ ಬೆಂಚಿಗೆ ಬಂದು ಕೂತೆ.

ಆಮೇಲಿನ ನಮ್ಮ ಹುಚ್ಚಾಟಗಳನ್ನು ಯಾರಿಗೆ ಹೇಳಲಿ! ಬ್ಯಾಂಕಿನ ನೆಲಹಾಸಿನ ಕಲ್ಲಿನಲ್ಲಿ ಚಿಪ್ಪಿನ ಗುರುತು ಕಂಡಿತೆಂದು ಇಬ್ಬರೂ ಮಂಡಿಯೂರಿ ಕೂತಿದ್ದೆವು. ಕಾವಲಿನವನು ಓಡಿ ಬಂದು "ಏನ್ ಕಳ್ಕೊಂಡ್ರಿ?" ಎಂದ. "ಕಳ್ಕೊಂಡಿಲ್ಲಪ್ಪ, ಸಿಕ್ಕಿದೆ" ಎಂದಿರಿ ನೀವು. ಎಂದೋ ಸಮುದ್ರದ ತಳದಲ್ಲಿದ್ದ ಜೀವವೊಂದು ಹಣ ಕಟ್ಟುವ ಜನರ ಕಾಲಡಿಯಲ್ಲಿ ಮಲಗಿದೆ ಎಂದು ತಿಳಿದ ದಿನ ನನಗೆ ಮನೆಗೆ ನಡೆದುಹೋದದ್ದೇ ಗೊತ್ತಾಗಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ನಾನು ಅಷ್ಟು ಹಗುರಾಗಿ ನಡೆದದ್ದು ಅದೇ ಮೊದಲು.

ಕೊನೆಯ ವರ್ಷ ಹತ್ತಿರವಾದ ಹಾಗೆ ನನಗೆ ದಿಗಿಲು ಹತ್ತಿಕೊಂಡಿತು. ಡಿಗ್ರಿ ಮುಗಿದರೆ ಭಾನುವಾರವೂ ಮುಗಿಯಿತಲ್ಲ! ಅದನ್ನು ಬಾಯಿಬಿಟ್ಟು ಹೇಳಿದವರು ಮಾತ್ರ ನೀವು. ತರಗತಿಯ ಹೊರಗೆ ಟೀ ಕುಡಿಯುತ್ತಾ, "ಕನ್ನಡಕದಮ್ಮಾ, ಕಡೇ ಪೇಪರಲ್ಲಿ ಇಬ್ರೂ ಢಮಾರ್ ಅಂದ್ಬಿಟ್ರೆ ಇನ್ನೊಂದು ವರ್ಷ ಇಲ್ಲೇ ಇರಬಹುದಲ್ವಾ?" ಎಂದಿರಿ. ನಾನು ನಗಲಿಲ್ಲ. ಮಾತು ಅಂದರೆ ಮಾತು ಎಂದೆ. ನೀವೂ ತಲೆಯಾಡಿಸಿದಿರಿ. ತಮಾಷೆಗೆ ಆಡಿಸಿದಿರೋ, ನಿಜವಾಗಿಯೋ, ನಾನಂತೂ ನಿಜವೆಂದೇ ನಂಬಿದೆ.

ಪರೀಕ್ಷೆಯಲ್ಲಿ ಆ ಚಿತ್ರ ಬಂತು. ಬೆಟ್ಟದ ಪದರಗಳು, ಅವುಗಳನ್ನು ಓರೆಯಾಗಿ ಸೀಳಿ ಮೇಲೆದ್ದ ಶಿಲೆ, ಜಾರಿ ಕೆಳಗಿಳಿದ ಅರ್ಧ ಬೆಟ್ಟ. ಯಾವುದು ಮೊದಲು ಆಯಿತು, ಯಾವುದು ಆಮೇಲೆ, ಕ್ರಮವಾಗಿ ಬರೆಯಿರಿ. ಅಯ್ಯೋ ದೇವರೇ! ಎಂಥಾ ಪ್ರಶ್ನೆ! ನೋಡಿದ ಕೂಡಲೇ ಇಡೀ ಕಥೆ ಕಣ್ಣಿಗೆ ಕಟ್ಟಿತು. ಪೆನ್ನಿನ ಮುಚ್ಚಳ ಹಾಕಿ ಕೈ ಕಟ್ಟಿ ಕೂತೆ. ಬೆರಳು ಸುಮ್ಮನಿರಲಿಲ್ಲ, ಮೇಜಿನ ಮೇಲೆ ಗೆರೆ ಎಳೆಯುತ್ತಲೇ ಇತ್ತು. ಉಳಿದವುಗಳ ಜೊತೆ ಅಷ್ಟು ರುಚಿಯಾದ ಪ್ರಶ್ನೆಯನ್ನೂ ಖಾಲಿ ಬಿಟ್ಟು ಎದ್ದು ಬಂದೆ, ನಿಮಗೋಸ್ಕರ. ಹೊರಗೆ ನೀವು ಮುಖವರಳಿಸಿಕೊಂಡು ನಿಂತಿದ್ದಿರಿ. ಫೇಲಾಗಲು ಇಷ್ಟೊಂದು ಸಂತೋಷವೇ, ಪುಣ್ಯಾತ್ಮ ಎಂದುಕೊಂಡೆ.

ಫಲಿತಾಂಶ ಬಂದ ದಿನ ನಿಮ್ಮ ಫೋನು. "ಬೈರಿ ನನ್ನನ್ನ. ಆ ಚಿತ್ರ ನೋಡಿದ್ಮೇಲೆ ಕೈ ನಿಲ್ಲಲೇ ಇಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಹಾದುಹೋಗಿದ್ದೆ, ಕಡೆಗೂ ಇಳಿದು ನೋಡಿದ ಹಾಗಾಯ್ತು." ನಾನು ಫೋನ್ ಇಟ್ಟುಬಿಟ್ಟೆ, ಆಮೇಲೆ ಒಂದು ಸಲವೂ ಎತ್ತಲಿಲ್ಲ. ಹೊಟ್ಟೆ ಉರಿದುಹೋಯಿತು ರೀ! ನೀವು ಪಾಸಾದದ್ದಕ್ಕಲ್ಲ. ಆ ಸುಖ ನಿಮಗೆ ಸಿಕ್ಕಿತು, ನಾನು ಕೈಯಾರೆ ಬಿಟ್ಟುಕೊಟ್ಟೆ. ಅದೂ ಯಾರಿಗಾಗಿ ಬಿಟ್ಟೆನೋ ಅವರೇ ಬೆಂಚಿನಲ್ಲಿಲ್ಲ.

ಮತ್ತೆ ಭಾನುವಾರಗಳಿಗೆ ಒಬ್ಬಳೇ ಹೋದೆ. ಹಟಕ್ಕೆ ಹೋದೆ ಎನ್ನಿ. ಪಕ್ಕದಲ್ಲಿ ಹೊಸಬರು ಯಾರಾದರೂ ಕೂತರೆ ನನ್ನ ಚೀಲ ಅಡ್ಡ ಇಡುತ್ತಿದ್ದೆ, ಆಮೇಲೆ ನಾಚಿಕೆಯಾಗಿ ತೆಗೆಯುತ್ತಿದ್ದೆ. ನೀವಿಲ್ಲದೆ ಈ ಕಲ್ಲು ಮಣ್ಣು ಸಪ್ಪೆಯಾಗುತ್ತದೆ, ಪುಸ್ತಕ ಮೂಲೆಗೆ ಬೀಳುತ್ತದೆ, ಪೀಡೆ ಕಳೆಯಿತು ಎಂದು ನೆಮ್ಮದಿಯಾಗಿರಬಹುದು ಅಂದುಕೊಂಡಿದ್ದೆ. ಎಲ್ಲಿಯ ನೆಮ್ಮದಿ! ನದಿ ದಾರಿ ಬದಲಿಸುವ ಪಾಠ ಓದುತ್ತಾ ಕೂತು ಒಲೆಯ ಮೇಲಿನ ಹಾಲು ಪೂರ್ತಿ ಉಕ್ಕಿಸಿದೆ. ಸೊಸೆ ಬಂದು ಒಲೆ ಆರಿಸಿದಳು. "ಅತ್ತೇ, ಪಾಸಾದ್ರೆ ಸಂಬಳ ಹೆಚ್ಚುತ್ತಾ ನಿಜವಾಗ್ಲೂ?" ಎಂದಳು. ಇಲ್ಲ, ನನಗೆ ಇದು ಇಷ್ಟ, ಅಷ್ಟೇ ಎಂದೆ. ಆಕೆ ನನ್ನನ್ನೇ ನೋಡಿದಳು. ಒಲೆ ಒರೆಸಿ, ಪುಸ್ತಕವನ್ನು ಹಾಲು ತಾಗದ ಹಾಗೆ ಆಚೆ ಸರಿಸಿ ಹೋದಳು.

ಓದಿನ ಖುಷಿ ಯಾವುದು, ನಿಮ್ಮ ಪಕ್ಕದಲ್ಲಿ ಕೂರುವ ಖುಷಿ ಯಾವುದು ಎಂದು ನಾನು ಅಷ್ಟೂ ವರ್ಷ ಬಿಡಿಸಿ ನೋಡಿರಲಿಲ್ಲ. ಬಿಡಿಸುವುದು ಬೇಕಿರಲಿಲ್ಲ, ಒಂದರ ನೆರಳಲ್ಲಿ ಇನ್ನೊಂದು ಬೆಚ್ಚಗಿತ್ತು. ಗಂಡನಿಲ್ಲದ ಹೆಂಗಸು, ಹೆಂಡತಿಯಿಲ್ಲದ ಗಂಡಸು ಒಂದೇ ಬೆಂಚಿನಲ್ಲಿ ಕೂತರೆ ಪುಸ್ತಕ ತೆರೆದಿದ್ದರಾಯಿತು, ಯಾರೂ ಏನೂ ಕೇಳುವುದಿಲ್ಲ. ಈ ವರ್ಷ ಎರಡೂ ಬೇರೆ ಬೇರೆಯಾದವು. ನೀವಿಲ್ಲದೆಯೂ ಓದು ಖುಷಿ ಕೊಟ್ಟಿತು. ಓದು ಖುಷಿ ಕೊಟ್ಟರೂ ನೀವಿಲ್ಲದ್ದು ಕಾಡಿತು. ನನ್ನ ಚಡಪಡಿಕೆಯೆಲ್ಲ ಇಷ್ಟೇ. ಹೇಳಿಯೇಬಿಟ್ಟೆ, ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡಿ.

ಬರುವ ಭಾನುವಾರ ಅದೇ ಪೇಪರು. ಈ ಸಲ ಒಂದು ಪ್ರಶ್ನೆಯನ್ನೂ ಬಿಡುವುದಿಲ್ಲ. ಯಾರಿಗೋಸ್ಕರವೂ ಬಿಡುವುದಿಲ್ಲ, ನಿಮಗೋಸ್ಕರವೂ. ಬಾಯಿ ಚಪ್ಪರಿಸಿಕೊಂಡು ಬರೆಯುತ್ತೇನೆ, ಪಾಸಾಗುತ್ತೇನೆ. ಆಮೇಲೆ ನನ್ನ ಹತ್ತಿರ ತರಗತಿಯೂ ಇರುವುದಿಲ್ಲ, ನೆಪವೂ ಇರುವುದಿಲ್ಲ. ಅದರ ಮುಂದಿನ ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಕೈಯಲ್ಲಿ ಪುಸ್ತಕ ಇರುವುದಿಲ್ಲ. ಬಾಗಿಲು ತೆರೆದವರು ನಿಮ್ಮ ಮಗಳಾಗಲಿ, ಅಳಿಯನಾಗಲಿ, ಯಾಕೆ ಬಂದಿರಿ ಎಂದರೆ, ನಿಮ್ಮನ್ನು ನೋಡಬೇಕೆನಿಸಿತು, ಬಂದೆ ಎಂದೇ ಹೇಳುತ್ತೇನೆ.

ಅಲ್ಲಿಯವರೆಗೆ ಮಂಡಿ ಜೋಪಾನ, ಬದುಕು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಸಿಟ್ಟು ಅರ್ಧ ಇಳಿದಿರುವ,
ನಿಮ್ಮ ಕನ್ನಡಕದಮ್ಮ