ಚಿಕ್ಕಪ್ಪನ ಕೈಯಲ್ಲಿದ್ದದ್ದು ಫೋನಲ್ಲ, ರಿಂಗ್ ರೋಡು

ಚಾಲಕರ ನಿಗಾ ವಿಭಾಗದ ಮುಖ್ಯಸ್ಥರಿಗೆ,
ನಗರ ರಸ್ತೆ ಸಾರಿಗೆ, ಕೈರೋ

ಮಾನ್ಯರೇ,

ಇಂಥದೊಂದು ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಾನು ಎಂಜಿನಿಯರಿಂಗ್ ಮೊದಲ ವರ್ಷದವಳು. ದೊಡ್ಡ ಅಧಿಕಾರದಲ್ಲಿರುವವರಿಗೆ ಬರೆದು ಅಭ್ಯಾಸವಿಲ್ಲ. ಅಮ್ಮ ಇಂಗ್ಲೆಂಡಿನವಳು, ಅಪ್ಪ ಈ ಊರಿನವನು, ಬೆಳೆಸಿದ್ದು ಹಾಸ್ಟೆಲು. ಹಾಗಾಗಿ ಎಲ್ಲಿ ವಿನಯ ಸಾಕು, ಎಲ್ಲಿ ಕೋಪ ಸಲ್ಲುತ್ತದೆ ಎಂಬುದನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ವಿಷಯ ಮಾತ್ರ ಸರಳ. ನನ್ನ ಚಿಕ್ಕಪ್ಪ ಬಯ್ಯೂಮಿಯವರು ಮೈಕ್ರೋಬಸ್ಸು ಓಡಿಸುತ್ತ ಫೋನಿನಲ್ಲಿ ಮಾತನಾಡಿದರು ಎಂದು ನಿಮ್ಮ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಹೇಳಿದೆ. ಅವರು ಮಾತನಾಡಿಲ್ಲ. ಆದರೂ ಅವರ ಲೈಸೆನ್ಸು ನಿಮ್ಮ ಕಪಾಟಿನಲ್ಲಿದೆ. ಬರುವ ಗುರುವಾರದೊಳಗೆ ಮಾಡದ ತಪ್ಪನ್ನು ಒಪ್ಪಿ ಸಹಿ ಹಾಕದಿದ್ದರೆ ಅದು ಅಲ್ಲಿಯೇ ರದ್ದಾಗುತ್ತದಂತೆ.

ನಮ್ಮ ಮೈಕ್ರೋಬಸ್ಸುಗಳಿಗೆ ನಂಬರೂ ಇಲ್ಲ, ಬೋರ್ಡೂ ಇಲ್ಲ ಎಂಬ ಸಂಗತಿ ತಮ್ಮ ಕಚೇರಿಯವರೆಗೆ ತಲುಪಿದೆಯೋ ಇಲ್ಲವೋ ತಿಳಿಯದು. ತಲುಪಿಲ್ಲ ಎಂದೇ ಭಾವಿಸಿ ಹೇಳುತ್ತೇನೆ. ರಸ್ತೆಯ ಅಂಚಿನಲ್ಲಿ ನಿಂತವರು ಕೈಯಲ್ಲೇ ದಾರಿ ಕೇಳುತ್ತಾರೆ, ಚಾಲಕ ಕೈಯಲ್ಲೇ ಉತ್ತರ ಕೊಡುತ್ತಾನೆ. ಎರಡು ಕೈಗಳ ಬೆರಳ ತುದಿ ಸೇರಿಸಿದರೆ ಪಿರಮಿಡ್ಡಿನ ಕಡೆ. ಕಿವಿಯ ಮಟ್ಟಕ್ಕೆ ಕೈಯೆತ್ತಿ ತೋರುಬೆರಳನ್ನು ಸುತ್ತಿಸಿದರೆ ರಿಂಗ್ ರೋಡು. ಚಾಲಕನೂ ಗಾಜಿನ ಹಿಂದೆ ಬೆರಳು ಸುತ್ತಿಸಿದ ಎಂದರೆ "ಅಲ್ಲಿಗೇ ಹೋಗ್ತಿದೀನಿ, ಹತ್ತಿ" ಎಂದರ್ಥ. ಹೀಗೆ ಎತ್ತಿದ ಕೈ ಕಿವಿಯ ಪಕ್ಕದಲ್ಲಿರುತ್ತದೆ. ಕಿವಿಯ ಪಕ್ಕದಲ್ಲಿ ಕೈ ಕಂಡರೆ ನಿಮ್ಮ ಯಂತ್ರಕ್ಕೆ ಅದು ಫೋನು. ಯಾವ ದೇಶದ ಚಾಲಕರನ್ನು ತೋರಿಸಿ ಅದಕ್ಕೆ ಪಾಠ ಹೇಳಿಸಿದಿರೋ, ಅಲ್ಲಿಯವರ ಕೈ ಕಿವಿಯ ಹತ್ತಿರ ಹೋಗುವುದು ಫೋನಿಗೆ ಮಾತ್ರವಿರಬೇಕು. ಪಾಪ, ಅವರಿಗೆ ಬೋರ್ಡುಗಳಿವೆ.

ಶಾಲೆಯ ದಿನಗಳ ನನ್ನ ಹಾಸ್ಟೆಲಿನಲ್ಲಿ ಕಿಟಕಿಯಿಂದ ಕೂಗುವಂತಿರಲಿಲ್ಲ. ಪ್ರತಿ ಗುರುವಾರ ಸಂಜೆ, ಶುಕ್ರವಾರದ ರಜೆಗೆ ಕರೆದೊಯ್ಯಲು, ಚಿಕ್ಕಪ್ಪ ಗೇಟಿನಾಚೆ ಗಾಡಿ ನಿಲ್ಲಿಸಿ, ತಲೆಯೆತ್ತಿ ನೋಡಿ, ಬೆರಳು ಸುತ್ತಿಸುತ್ತಿದ್ದರು. ನಾನೂ ಮೇಲಿನಿಂದ ಸುತ್ತಿಸುತ್ತಿದ್ದೆ. ಮನೆಗೆ, ಅಂದರೆ ಈಗ ನಾನಿರುವ ಚಿಕ್ಕಪ್ಪನ ಮನೆಗೆ, ಹೋಗುವುದು ಎಂದರೆ ನನಗೆ ಅದೇ ಸನ್ನೆ. ಅಮ್ಮನ ಭಾಷೆ, ಅಪ್ಪನ ಭಾಷೆ ಎರಡರಲ್ಲೂ ನಾನು ಈಗಲೂ ತಡವರಿಸುತ್ತೇನೆ, ಇದರಲ್ಲಿ ಮಾತ್ರ ಒಮ್ಮೆಯೂ ತಪ್ಪಿಲ್ಲ. ಇದು ಸಾಕ್ಷ್ಯವಾಗುವುದಿಲ್ಲ ಎಂದು ತಾವು ಹೇಳಬಹುದು. ಹಾಗಾದರೆ ಮುಂದಿನದನ್ನು ಕೇಳಿ.

ಮೊದಲ ಎಚ್ಚರಿಕೆ ಬಂದಾಗ ಚಿಕ್ಕಪ್ಪ ಸರಕಾರದ ಮಾತಿಗೆ ಬೆಲೆ ಕೊಟ್ಟು ಎರಡೂ ಕೈಗಳನ್ನು ಸ್ಟಿಯರಿಂಗಿಗೆ ಅಂಟಿಸಿಕೊಂಡರು. ಅಂದು ಕಾಲೇಜಿಗೆ ಹೋಗಲು ಮುಂದಿನ ಸೀಟಿನಲ್ಲಿ ನಾನೇ ಇದ್ದೆ. ನಿಂತವರೆಲ್ಲ ಬೆರಳು ಸುತ್ತಿಸುತ್ತಾರೆ, ಇವರು ಕಲ್ಲಿನ ಹಾಗೆ ಕೂತು ಕಣ್ಣು ಹೊಡೆಯುತ್ತಾರೆ, ತಲೆ ಆಡಿಸುತ್ತಾರೆ. ತಲೆ ಆಡಿಸುವ ಚಾಲಕನನ್ನು ನಂಬಿ ಯಾರು ಹತ್ತುತ್ತಾರೆ? ಮೊದಲ ನಿಲ್ದಾಣದಲ್ಲೇ ಹತ್ತಿ ಕೂತಿದ್ದ ನಾಲ್ಕೈದು ಜನರನ್ನು ಬಿಟ್ಟರೆ, ದಾರಿಯಲ್ಲಿ ತರಕಾರಿ ಚೀಲ ಹೊತ್ತ ಒಬ್ಬ ಅಜ್ಜಿ ಮಾತ್ರ ಧೈರ್ಯ ಮಾಡಿ ಹತ್ತಿದರು. ಸೇತುವೆ ದಾಟಿದ ಮೇಲೆ ನೋಡಿದರೆ ಅವರು ಹೋಗಬೇಕಾದದ್ದು ಪಿರಮಿಡ್ಡಿನ ಕಡೆ.

"ಏನಪ್ಪಾ ಉಸ್ತಾ, ಬಾಯಿ ಇಲ್ಲದಿದ್ರೆ ಬೇಡ, ಕೈಯಾದ್ರೂ ಇಲ್ವಾ ನಿನಗೆ?" ಎಂದು ಅಜ್ಜಿ ಚಿಕ್ಕಪ್ಪನನ್ನು ತರಾಟೆಗೆ ತೆಗೆದುಕೊಂಡರು. ಚಾಲಕರೆಲ್ಲರೂ ನಮ್ಮ ಊರಿಗೆ ಉಸ್ತಾಗಳೇ.

"ಇದೆ ತಾಯಿ. ಸರಕಾರ ಕಟ್ಟಿಹಾಕಿದೆ."

"ಯಾಕೆ, ಯಾರಿಗಾದ್ರೂ ಹೊಡೆದ್ಯಾ?"

"ಇಲ್ಲ ತಾಯಿ. ನನ್ನ ಬೆರಳನ್ನ ಫೋನು ಅಂದ್ಕೊಂಡಿದಾರೆ."

ಹಿಂದಿನ ಸೀಟಿನಿಂದ ಯಾರೋ ಗಂಡಸು, "ಹಾಗಾದ್ರೆ ಉಸ್ತಾ, ನಿಮ್ಮ ಬೆರಳಿಂದ ನಮ್ಮ ಮಾವನ ಮನೆಗೊಂದು ಫೋನ್ ಮಾಡಿ, ಬರೋದು ತಡ ಆಗುತ್ತೆ ಅಂತ" ಎಂದ. ಗಾಡಿಯೆಲ್ಲ ನಕ್ಕಿತು. ಚಿಕ್ಕಪ್ಪನೂ ನಕ್ಕರು. ಆಮೇಲೆ ಅಜ್ಜಿಯನ್ನು ವಾಪಸ್ಸು ಸೇತುವೆಯ ಆಚೆ ಬಿಟ್ಟು ಬಂದರು.

ಹಾಗಾದರೆ ಬೋರ್ಡು ಹಾಕಬಹುದಿತ್ತಲ್ಲ ಎನ್ನುತ್ತೀರಿ. ಹಾಕಿದರು. ರಟ್ಟಿನ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಮುಂದಿನ ಗಾಜಿಗೆ ಅಡ್ಡವಾಗಿದೆ ಎಂದು ಸಂಚಾರಿ ಪೊಲೀಸರು ಅದನ್ನು ಕಿತ್ತರು. ಪೊಲೀಸರನ್ನು ದೂರುವುದಿಲ್ಲ, ಅದು ನಿಜಕ್ಕೂ ಅಡ್ಡವಾಗಿತ್ತು. ಒಟ್ಟಿನಲ್ಲಿ ಗಾಡಿ ಖಾಲಿ ಓಡತೊಡಗಿತು. ಒಂದು ವಾರ ತಡೆದು ಚಿಕ್ಕಪ್ಪ ಮತ್ತೆ ಕೈಯೆತ್ತಿದರು. ಗಾಡಿ ತುಂಬಿತು, ಲೈಸೆನ್ಸು ಹೋಯಿತು.

ನಾನು ಕ್ಯಾಮೆರಾ ಬೇಡ ಎನ್ನುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಎದುರಿಗೆ ಲಾರಿ ಬರುತ್ತಿರುವಾಗ ಸಂದೇಶ ಟೈಪಿಸುವ ಚಾಲಕನ ಹಿಂದೆ ಕೂತು ನಾನೂ ಪ್ರಾಣ ಬಿಗಿಹಿಡಿದಿದ್ದೇನೆ. ಅಂಥವನನ್ನು ಹಿಡಿಯುವ ಯಂತ್ರ ಬಂತೆಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಚಿಕ್ಕಪ್ಪ. ಯಂತ್ರ ತಪ್ಪಿತು ಎಂಬುದಲ್ಲ ನನ್ನ ತಕರಾರು. ಮನುಷ್ಯರೂ ತಪ್ಪುತ್ತಾರೆ. ಆದರೆ ತಪ್ಪಿದ ಮನುಷ್ಯನ ಮೇಜಿನ ಮುಂದೆ ನಿಂತು "ಸ್ವಾಮಿ, ಇನ್ನೊಮ್ಮೆ ನೋಡಿ" ಎನ್ನಬಹುದು. ನಿಮ್ಮ ಯಂತ್ರಕ್ಕೆ ಎಲ್ಲಿದೆ ಆ ಮೇಜು?

ಮೇಜೇನೋ ಇತ್ತು. ವಿಚಾರಣೆಗೆಂದು ಕರೆದಾಗ ಚಿಕ್ಕಪ್ಪನ ಜೊತೆ ನಾನೂ ಬಂದಿದ್ದೆ. ಮೇಜಿನ ಹಿಂದೆ ತಮ್ಮ ವಿಭಾಗದ ಒಬ್ಬ ಎಂಜಿನಿಯರ್ ಕೂತಿದ್ದರು. ಹೆಸರು ಬರೆಯುವುದಿಲ್ಲ, ಒಳ್ಳೆಯವರೇ, ನಮಗೆ ಚಹಾ ತರಿಸಿದರು. ಪರದೆಯ ಮೇಲೆ ಚಿಕ್ಕಪ್ಪನ ಚಿತ್ರ ತೋರಿಸಿ, "ನೋಡಿ, ಕಿವಿಯ ಹತ್ತಿರ ಕೈ" ಎಂದರು.

"ಹೌದು ಬಾಷಾ, ಕೈಯೇ. ಫೋನೆಲ್ಲಿ?" ಎಂದರು ಚಿಕ್ಕಪ್ಪ, ಅಧಿಕಾರಿಗಳನ್ನು ಕರೆಯುವ ಗೌರವದಲ್ಲೇ.

"ಕೈಯೊಳಗೆ."

"ತೋರುಬೆರಳು ಆಕಾಶ ನೋಡ್ತಿದೆಯಲ್ಲ ಬಾಷಾ, ಫೋನನ್ನ ಹೀಗೆ ಹಿಡೀತಾರಾ? ಅದು ರಿಂಗ್ ರೋಡು."

"ಯಂತ್ರದ ನಿಖರತೆ ನೂರಕ್ಕೆ ತೊಂಬತ್ತೇಳು ಕಣ್ರೀ, ಉಸ್ತಾ."

"ಉಳಿದ ಮೂರರಲ್ಲಿ ನಾನಿರಬಹುದಲ್ವಾ?"

ಎಂಜಿನಿಯರ್ ಪರದೆಯ ಕೆಳಭಾಗಕ್ಕೆ ಬೆರಳು ತೋರಿದರು. "ಇಲ್ಲಿ ನಾಲ್ಕೇ ಖಾನೆ ಇರೋದು. ಫೋನು, ಸಿಗರೇಟು, ತಿಂಡಿ, ನಿದ್ದೆ. ನೀವೇ ಹೇಳಿ, ಯಾವುದಕ್ಕೆ ಹಾಕಲಿ?"

"ಯಾವುದಕ್ಕೂ ಬೇಡ, ಬಾಷಾ."

"ಆ ಖಾನೆ ಇಲ್ವಲ್ಲಾ."

ಮಾನ್ಯರೇ, ನಾನು ಓದುತ್ತಿರುವುದು ಇದೇ ವಿದ್ಯೆ. ಪರೀಕ್ಷೆಯಲ್ಲಿ ನಾಲ್ಕೂ ಉತ್ತರ ತಪ್ಪಾಗಿದ್ದರೆ ಪ್ರಶ್ನೆಪತ್ರಿಕೆ ತಪ್ಪು ಎಂದು ನಮಗೆ ಹೇಳಿಕೊಡುತ್ತಾರೆ. ನಿಮ್ಮಲ್ಲಿ ವಿದ್ಯಾರ್ಥಿಯನ್ನೇ ಹೊರಗೆ ಹಾಕುತ್ತಾರೆಯೇ?

ನಾವು ಹೊರಬಂದು ನೆರಳಿನಲ್ಲಿ ನಿಂತಿದ್ದೆವು. ಕಚೇರಿ ಮುಗಿಯಿತು. ಅದೇ ಎಂಜಿನಿಯರ್ ಕೈಚೀಲ ಹಿಡಿದು ಮೆಟ್ಟಿಲಿಳಿದು ರಸ್ತೆಯ ಅಂಚಿಗೆ ಹೋದರು. ಬರುತ್ತಿದ್ದ ಮೈಕ್ರೋಬಸ್ಸನ್ನು ನೋಡಿದರು. ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ತೋರುಬೆರಳನ್ನು ಸುತ್ತಿಸಿದರು.

ಓಡಿಹೋಗಿ ಕೇಳಿಯೇಬಿಟ್ಟೆ: "ಸರ್, ಈಗ ಯಾರ ಜೊತೆ ಫೋನಲ್ಲಿ ಮಾತಾಡ್ತಿದ್ರಿ?"

ಅವರ ಮುಖ ಕೆಂಪಾಯಿತು. "ನೋಡಮ್ಮಾ, ಅದು ಬೇರೆ. ನಾನು ಪ್ರಯಾಣಿಕ."

"ಆದರೆ ಸನ್ನೆ ಅದೇ ಅಲ್ವಾ, ಸರ್?"

"ಅದೇ. ನನಗೂ ಗೊತ್ತು, ನಿಮ್ಮ ಚಿಕ್ಕಪ್ಪನಿಗೂ ಗೊತ್ತು. ಗೊತ್ತಿರೋದನ್ನ ಬರೆಯೋಕೆ ನನಗೆ ಅಧಿಕಾರ ಇಲ್ಲ." ಗಾಡಿ ನಿಂತಿತ್ತು. ಹತ್ತುತ್ತ ಹೇಳಿದರು, "ಮೇಲಿನವರಿಗೆ ಬರಿ." ಆ ಮೇಲಿನವರು ತಾವು. ಆದ್ದರಿಂದ ಬರೆಯುತ್ತಿದ್ದೇನೆ.

ಈಗ ಆ ತಪ್ಪೊಪ್ಪಿಗೆಯ ವಿಷಯ. ಸಹಿ ಹಾಕಿದರೆ ಲೈಸೆನ್ಸು ಕೂಡಲೇ ವಾಪಸ್ಸು, ಎಂಥ ಔದಾರ್ಯ! ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ. ಒಮ್ಮೆ ಒಪ್ಪಿಕೊಂಡವರು ಮತ್ತೊಮ್ಮೆ ಸಿಕ್ಕಿಬಿದ್ದರೆ ಲೈಸೆನ್ಸು ಜೀವಮಾನಕ್ಕೇ ರದ್ದು. ಕೈಯೆತ್ತದೆ ನಮ್ಮ ದಾರಿಯಲ್ಲಿ ಗಾಡಿ ತುಂಬುವುದಿಲ್ಲ, ಕೈಯೆತ್ತಿದರೆ ನಿಮ್ಮ ಯಂತ್ರ ಬಿಡುವುದಿಲ್ಲ. ಸಹಿ ಹಾಕದಿದ್ದರೆ ಗುರುವಾರ ಹೋಗುವ ಲೈಸೆನ್ಸು, ಹಾಕಿದರೆ ರಜೆ ಮುಗಿದು ಗಾಡಿ ತೆಗೆದ ಶನಿವಾರ ಹೋಗುತ್ತದೆ. ಅದೂ ಅವರೇ ಒಪ್ಪಿಕೊಂಡ ಅಪರಾಧಿಯಾಗಿ.

ಚಿಕ್ಕಮ್ಮ ಕರೀಮಾ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಹಾಕಿಬಿಡ್ರೀ ಅತ್ಲಾಗೆ. ಶಾಯಿ ತಾನೆ, ರಕ್ತ ಏನಲ್ವಲ್ಲ" ಎಂದರು.

"ರಕ್ತ ಆಗಿದ್ರೆ ಕೊಟ್ಟುಬಿಡ್ತಿದ್ದೆ ಕಣೇ, ಅದು ಮತ್ತೆ ಬರುತ್ತೆ."

"ಹೂಂ, ಮಾತಿಗೇನೂ ಕಮ್ಮಿ ಇಲ್ಲ. ದಿನಾ ಮನೇಲಿ ಕೂತು ನಾನು ಬೇಯಿಸಿದ ಫೂಲ್ ಕಾಳಿಗೆ ಉಪ್ಪು ಸಾಲದು ಅನ್ನೋದಕ್ಕಿಂತ ಸಹಿ ಹಾಕೋದು ಮೇಲು."

"ಸಾಲದೇ ಇದ್ರೆ ಸಾಲದು ಅನ್ನಬಾರದಾ? ಅದಕ್ಕೂ ತಪ್ಪೊಪ್ಪಿಗೆ ಬರ್ಕೊಡಬೇಕಾ?"

ಮೊದಮೊದಲು ಹೀಗೆ ಜಗಳವಾಡಿ ನಗುತ್ತಿದ್ದರು. ಈಗ ಜಗಳವೂ ಇಲ್ಲ. ಚಿಕ್ಕಪ್ಪ ಬೆಳಗಾದರೆ ಕೆಳಗಿಳಿದು ನಿಂತ ಗಾಡಿಯ ಗಾಜು ಒರೆಸಿ ಮೇಲೆ ಬರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಆ ನಾಲ್ಕು ಖಾನೆಗಳ ಪಕ್ಕದಲ್ಲಿ 'ಸನ್ನೆ' ಎಂಬ ಐದನೆಯದನ್ನು ಸೇರಿಸಿ. ಅದು ಆಗುವವರೆಗೆ ಯಂತ್ರ ಹಿಡಿದ ಪ್ರತಿ ಚಿತ್ರವನ್ನೂ ಈ ಊರಿನ ಮೈಕ್ರೋಬಸ್ಸು ಹತ್ತಿ ಗೊತ್ತಿರುವ ಒಬ್ಬ ಮನುಷ್ಯ ನೋಡಲಿ, ಮತ್ತು ನೋಡಿದ್ದನ್ನು ಬರೆಯುವ ಅಧಿಕಾರ ಆ ಮನುಷ್ಯನಿಗಿರಲಿ. ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆದು ಚಿಕ್ಕಪ್ಪನ ಲೈಸೆನ್ಸು ಕೊಡಿ. ನಂಬಿಕೆ ಬಾರದಿದ್ದರೆ ತಾವೇ ಒಂದು ಬೆಳಿಗ್ಗೆ ಅವರ ಪಕ್ಕದ ಸೀಟಿನಲ್ಲಿ ಕೂತು ಬನ್ನಿ. ತಮ್ಮ ಕಾರಿನ ಕಪ್ಪು ಗಾಜಿನೊಳಗಿಂದ ಜನರ ಕೈಗಳು ಸರಿಯಾಗಿ ಕಾಣುವುದಿಲ್ಲವೇನೋ.

ನಿನ್ನೆ ಊಟವಾದ ಮೇಲೆ ಚಿಕ್ಕಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು, "ಮಗಳೇ, ಒಂದು ಪೆನ್ನಿದ್ರೆ ಕೊಡಮ್ಮಾ" ಎಂದರು. ಇಲ್ಲ ಎಂದೆ. ಮೇಜಿನ ಮೇಲೆ ಪೆನ್ನುಗಳು ಹರಡಿಕೊಂಡಿದ್ದವು. ಅವರು ಅವನ್ನು ನೋಡಿದರು, ನನ್ನನ್ನು ನೋಡಿದರು, "ಸರಿ, ನಾಳೆ ನೋಡೋಣ" ಎಂದು ಹೋದರು. ಇವತ್ತು ಮತ್ತೆ ಕೇಳುತ್ತಾರೆ. ಗುರುವಾರಕ್ಕೆ ಮೊದಲೇ, ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ಮುಂದೆ ನಿಮ್ಮಲ್ಲೇ ಕೆಲಸ ಕೇಳಿಕೊಂಡು ಬರಬೇಕಾದೀತೆಂಬ ಭಯದಲ್ಲೂ ನಿಜವಾದ ಹೆಸರನ್ನೇ ಹಾಕಿರುವ,
ಶಾಹಿಂದಾ ಫತ್ಹಿ
ಎಂಜಿನಿಯರಿಂಗ್ ಮೊದಲ ವರ್ಷ